ಹೊರಬಾಗಿಲಿಗೆ ಮೆಲಮೈನ್ ಪಾಲಿಶ್ ಹಾಕಿಸಬೇಡಿ

ಮಳೆಗಾಲಕ್ಕೆ ಮುಂಚೆ ಬಾಗಿಲು, ಕಿಟಕಿಗಳಿಗೆ ಪಾಲಿಶ್ ಮಾಡಿಸಬೇಕೆಂದಿರುವ ಗೋವೆಯ ಕನ್ನಡಿಗರು ಮುಂಗಡ ಕೊಡುವ ಮೊದಲು ಇದನ್ನು ಓದಿ.

ಫೋಂಡಾದ ನಮ್ಮ ಮನೆಗೆ ಹಳೆಯ ಸಾಗುವಾನಿ ಬಾಗಿಲು, ನಾಲ್ಕು ಕಿಟಕಿಗಳು, ಇಲ್ಲಿಯವರು ಬಲ್ಕಾಂವ್ ಎನ್ನುವ ಮುಂಜಗಲಿಗೆ ಎರಡು ಮರದ ಕಂಬಗಳು ಇವೆ. ಹೋದ ವರ್ಷ ಮೇ ಕೊನೆಯ ವಾರ ಕೆಲಸಕ್ಕೆ ಬಂದವನು ನಮ್ಮ ಕಡೆಯವನೇ. ಕನ್ನಡ ಕೇಳಿದ ಸಂತೋಷದಲ್ಲಿ ನಾನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. "ಅಕ್ಕಾ, ಇನ್ನು ಹತ್ತು ವರ್ಷ ಇತ್ತ ನೋಡುವಂತಿಲ್ಲ" ಎಂದ. ಹಿಂದಿನ ಎರಡು ದಿನ ಮಳೆ ಬಿದ್ದು ಮರ ತಣ್ಣಗಿತ್ತು. ಹಳೆಯ ವಾರ್ನಿಷ್ ಮೇಲೆ ಒಂದು ಸುತ್ತು ಉಜ್ಜಿ, ಮರದ ರಂಧ್ರ ಮುಚ್ಚುವ ಸೀಲರ್ ಬಳಿದು, ಮೆಲಮೈನ್ ಎಂಬ ಗಟ್ಟಿ ಹೊಳಪಿನ ಪಾರದರ್ಶಕ ಲೇಪ ಹೊಡೆದು ಹೋದ. ಬಾಗಿಲು ಕನ್ನಡಿಯಂತೆ ಹೊಳೆಯುತ್ತಿತ್ತು. ಮೂವತ್ತೆಂಟು ಸಾವಿರ ಕೊಟ್ಟೆ.

ಆಗಸ್ಟ್‌ನಲ್ಲಿ ಹೊಳಪಿನ ಅಡಿಯಲ್ಲಿ ಬಿಳಿ ಮಚ್ಚೆಗಳು ಎದ್ದವು. ಅಕ್ಟೋಬರ್ ಬಿಸಿಲಿಗೆ ಲೇಪ ಬಿರುಕುಬಿಟ್ಟಿತು. ಉಗುರು ತಾಗಿಸಿದರೆ ಬೆಳ್ಳುಳ್ಳಿ ಸಿಪ್ಪೆಯ ಹಾಗೆ ಸುಲಿದು ಕೈಗೆ ಬರುತ್ತಿತ್ತು. ಬಾಗಿಲು ಉಬ್ಬಿ ಹೊಸ್ತಿಲಿಗೆ ಉಜ್ಜುತ್ತಿದ್ದುದರಿಂದ ಕೊನೆಗೆ ಬಡಗಿಯನ್ನು ಕರೆಸಿ ಕಳಚಿಸಿದೆವು. ಕೆಳಅಂಚು ನೋಡಿ ನನಗೆ ಅಳುವೇ ಬಂತು. ಅಲ್ಲಿಗೆ ಒಂದು ಹನಿ ಪಾಲಿಶ್ ಕೂಡ ತಾಗಿರಲಿಲ್ಲ. ಬರಿ ಮರ ಕಪ್ಪಾಗಿತ್ತು, ಹೆಬ್ಬೆರಳಿನಿಂದ ಒತ್ತಿದರೆ ತಗ್ಗುತ್ತಿತ್ತು. ನನ್ನ ಮಾವ ತಮ್ಮ ಕೈಯಾರೆ ಆರಿಸಿ ತಂದ ಮರ ಅದು.

ಮೆಲಮೈನ್ ಒಳಗಿನ ಪೀಠೋಪಕರಣಗಳಿಗೆ ಮಾಡಿದ್ದು. ಗಟ್ಟಿ, ಆದರೆ ಬಾಗುವುದಿಲ್ಲ. ಮರವಾದರೋ ಮಳೆಯಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುತ್ತದೆ. ಲೇಪ ಪಾರದರ್ಶಕವಾಗಿದ್ದರೆ ಬಿಸಿಲಿನ ನೇರಳಾತೀತ ಕಿರಣ ಅದನ್ನು ದಾಟಿ, ಮರದ ನಾರುಗಳನ್ನು ಹಿಡಿದಿಡುವ ಲಿಗ್ನಿನ್ ಅನ್ನೇ ಕೆಡಿಸುತ್ತದೆ. ಮೇಲ್ಪದರ ಸಡಿಲವಾದ ಮೇಲೆ ಲೇಪಕ್ಕೆ ಹಿಡಿತ ಎಲ್ಲಿಯದು? ಒಂದು ಬಿರುಕು ಸಾಕು, ನೀರು ಒಳಗೆ ಇಳಿಯುತ್ತದೆ, ಹೊರಬರಲು ದಾರಿ ಸಿಗುವುದಿಲ್ಲ.

ಹನ್ನೆರಡು ದಿನ ಕೂತು ಎಲ್ಲವನ್ನೂ ಕೆರೆಸಿದೆವು. ಈ ಸಲ ಫೆಬ್ರವರಿಯಲ್ಲಿ, ಮರ ಚೆನ್ನಾಗಿ ಒಣಗಿದ ಮೇಲೆ, ಬಣ್ಣದ ಪುಡಿಯೂ ಬೂಷ್ಟು ನಿರೋಧಕವೂ ಇರುವ ಎಣ್ಣೆಯ ಸ್ಟೇನ್ ಹಾಕಿಸಿದೆ. ಬಣ್ಣ ಬಿಸಿಲನ್ನು ತಡೆಯುತ್ತದೆ, ಎಣ್ಣೆ ಮರದೊಳಗೆ ಇಳಿಯುತ್ತದೆ, ಸಿಪ್ಪೆ ಏಳುವುದಿಲ್ಲ. ಹೊಳಪು ಕಡಿಮೆ, ಎರಡು ಮೂರು ವರ್ಷಕ್ಕೊಮ್ಮೆ ಮತ್ತೆ ಬಳಿಯಬೇಕು, ನನಗೆ ಒಪ್ಪಿಗೆ. ಬರಿ ಅಗಸೆ ಎಣ್ಣೆ ಮಾತ್ರ ಬೇಡ, ನಮ್ಮ ತೇವಕ್ಕೆ ಅದರ ಮೇಲೆ ಬೂಷ್ಟು ಬೆಳೆಯುತ್ತದೆ. ಹೊಳಪೇ ಬೇಕೆಂದರೆ ಡಬ್ಬದ ಮೇಲೆ ಹೊರಾಂಗಣ ಬಳಕೆಗೆಂದು ಸ್ಪಷ್ಟವಾಗಿ ಬರೆದಿರುವ ಪಿಯು (ಪಾಲಿಯುರೆಥೇನ್) ಪಾಲಿಶ್ ಆರಿಸಿ, ಡಬ್ಬವನ್ನು ನಿಮ್ಮೆದುರಿಗೇ ತೆರೆಸಿ.

ಬಾಗಿಲನ್ನು ಕಳಚಿಸಿಯೇ ಬಳಿಸಿ. ಮೇಲಂಚು, ಕೆಳಅಂಚು, ಕಂಬದ ಬುಡ, ಎಲ್ಲಿ ಮರದ ನಾರಿನ ತುದಿ ಕಾಣುತ್ತದೆಯೋ ಅಲ್ಲಿ ಮರ ನೀರನ್ನು ಬೇಗ ಹೀರುತ್ತದೆ. ಅಲ್ಲಿಗೆ ನಾವು ಮೂರು ಸಲ ಸ್ಟೇನ್ ಕುಡಿಸಿದೆವು.

ಇನ್ನೊಂದು ಮಾತು. ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ತಾವಾಗಿಯೇ ಕಾದು ಹೊತ್ತಿಕೊಳ್ಳಬಹುದು. ನಾವು ಅವನ್ನು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ ಅಂಗಳದಲ್ಲಿಟ್ಟೆವು.