ಒಳ್ಳೆಯ ಸ್ಪೀಕರಿಗೆ ಕೈಗೆಟುಕುವ ಜೋಡಿ: ಯಮಹಾ ಎ-ಎಸ್501

ದುಬಾರಿ ಸ್ಪೀಕರ್ ಕೊಂಡ ಮೇಲೆ ಉಳಿದ ಹಣದಲ್ಲೇ ಆಂಪ್ಲಿಫೈಯರ್ ಹೊಂದಿಸಬೇಕಾದವರು ಯಮಹಾ ಕಂಪನಿಯ ಎ-ಎಸ್501 ಅನ್ನು ಒಮ್ಮೆ ಕೇಳಿ ನೋಡಲೇಬೇಕು ಎಂಬುದು ಮಳೆಗಾಲವಿಡೀ ಅದನ್ನು ಬಳಸಿದ ನನ್ನ ಅಭಿಪ್ರಾಯ. ಬೆಳಗಾವಿಯ ಟಿಳಕವಾಡಿಯಲ್ಲಿರುವ ನಮ್ಮ ಮನೆಯ ಪಡಸಾಲೆಯಲ್ಲಿ ಅದು ನಡೆಸುತ್ತಿರುವುದು ಕೆಇಎಫ್ ಎಲ್‌ಎಸ್50 ಮೆಟಾ ಸ್ಪೀಕರ್‌ಗಳನ್ನು. ನಾವು ಕೇಳುವುದು ಬಹುಪಾಲು ಖಯಾಲ್, ನಾಟ್ಯಗೀತೆ ಮತ್ತು ವಚನ ಗಾಯನ. ಹತ್ತಿರದ ಸುಳೇಭಾವಿಯಲ್ಲಿ ಹುಟ್ಟಿದ ಗಾಯಕ ಕುಮಾರ ಗಂಧರ್ವರನ್ನೂ ಹಾರ್ಮೋನಿಯಂ ವಿದ್ವಾಂಸ ರಾಮಭಾವು ವಿಜಾಪುರೆಯವರನ್ನೂ ತನ್ನವರೆಂದುಕೊಳ್ಳುವ ಈ ಊರಿನಲ್ಲಿ, ಯಂತ್ರವನ್ನು ಅಳೆಯಲು ಬೇರೆ ಸಂಗೀತ ಬೇಕೆನಿಸಲಿಲ್ಲ.

ಅಂಗಡಿಗಳಲ್ಲಿ ಮೊದಲು ಕೇಳಿಬರುವುದು ವ್ಯಾಟ್‌ನ ಮಾತು. ಆದರೆ ನೋಡಬೇಕಾದದ್ದು ಸ್ಪೀಕರ್ ಏನು ಬೇಡುತ್ತದೆ ಎಂಬುದನ್ನು. ಎಲ್‌ಎಸ್50 ಮೆಟಾದ ಸಂವೇದನಾಶಕ್ತಿ 85 ಡೆಸಿಬಲ್. ಅಂದರೆ ಸುಮಾರು 1 ವ್ಯಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ ಅಷ್ಟು ಸದ್ದು. ಎರಡೂವರೆ ಮೀಟರ್ ದೂರದಲ್ಲಿ ಕೂತವನಿಗೆ, ಎರಡೂ ಸ್ಪೀಕರ್ ಸೇರಿ, ಗೋಡೆಗಳ ಪ್ರತಿಫಲನವೂ ಕೂಡಿ, ಹೆಚ್ಚುಕಡಿಮೆ 82 ಡೆಸಿಬಲ್ ಸಿಗುತ್ತದೆ. ಸಂಜೆ ಹಾಯಾಗಿ ಕೇಳಲು ಅಷ್ಟು ಸಾಕು, ಹೆಚ್ಚೇ ಆಯಿತು. ತಾರ ಸಪ್ತಕದ ಕೂಗು ಅಥವಾ ತಬಲಾದ ಬಿರುಸಾದ ಪೆಟ್ಟು ಸರಾಸರಿಗಿಂತ 10-15 ಡೆಸಿಬಲ್ ಮೇಲೇರುವಾಗ ಮಾತ್ರ 10ರಿಂದ 30 ವ್ಯಾಟ್ ಬೇಕಾಗುತ್ತದೆ. ಶಕ್ತಿ ಇಮ್ಮಡಿಯಾದರೆ ಏರುವುದು ಬರೀ 3 ಡೆಸಿಬಲ್ ಆದ್ದರಿಂದ, 45 ಮತ್ತು 85 ವ್ಯಾಟ್‌ಗಳ ನಡುವಿನ ಅಂತರ ಕಾಗದದ ಮೇಲೆ ಕಂಡಷ್ಟು ಕಿವಿಗೆ ಕಾಣದು.

ತೊಡಕಿರುವುದು ಬೇರೆಡೆ. ಈ ಸ್ಪೀಕರಿನ ಮೇಲೆ 8 ಓಮ್ (ವಿದ್ಯುತ್ತಿಗೆ ಒಡ್ಡುವ ಪ್ರತಿರೋಧದ ಅಳತೆ) ಎಂದು ಬರೆದಿದ್ದರೂ ಆ ಪ್ರತಿರೋಧ ಕೆಲವು ಕಂಪನಾಂಕಗಳಲ್ಲಿ 3.5 ಓಮ್‌ವರೆಗೆ ಇಳಿಯುತ್ತದೆ. ಆಗ ಆಂಪ್ಲಿಫೈಯರ್ ಇಮ್ಮಡಿಗೂ ಹೆಚ್ಚು ವಿದ್ಯುತ್ ಪ್ರವಾಹ ಒದಗಿಸಬೇಕು. ಅದಕ್ಕೆ ದಪ್ಪ ಟ್ರಾನ್ಸ್‌ಫಾರ್ಮರ್, ಬಿಸಿಯನ್ನು ಹೊರಹಾಕುವ ಅಗಲವಾದ ಲೋಹದ ಹೀಟ್ ಸಿಂಕ್ ಬೇಕು. ಸುಮಾರು 10 ಕಿಲೋ ತೂಗುವ ಎ-ಎಸ್501ರ ಬೆಲೆಯಲ್ಲಿ ಬಹುಪಾಲು ಹೋಗಿರುವುದು ಇಂಥ ಕಬ್ಬಿಣ-ತಾಮ್ರಕ್ಕೇ ಎಂದು ಎತ್ತಿ ಇಡುವಾಗಲೇ ಅನಿಸುತ್ತದೆ. 8 ಓಮ್‌ಗೆ ಇದು ಪ್ರತಿ ಬದಿಗೆ 85 ವ್ಯಾಟ್ ಕೊಡುತ್ತದೆ. ಇದರ ಪ್ರತಿಸ್ಪರ್ಧಿಯಾದ ಮರಾಂಟ್ಜ್ ಪಿಎಂ6007 ಕೊಡುವುದು 45 ವ್ಯಾಟ್, 4 ಓಮ್‌ಗೆ 60. ಮರಾಂಟ್ಜ್‌ನ ಕಂಠಧ್ವನಿ ಇನ್ನಷ್ಟು ಮೃದು ಎಂದು ನನಗನಿಸಿತು, ಆದರೂ ನನ್ನ ಸ್ಪೀಕರಿಗೆ ತಯಾರಕರು ಹೇಳುವ ಕನಿಷ್ಠ ಮಿತಿಯೇ 40 ವ್ಯಾಟ್ ಇರುವಾಗ ಸ್ವಲ್ಪ ಮಿಗತೆ ಇರಲಿ ಎಂದುಕೊಂಡೆ. ಟಿಪಿಎ3255 ಚಿಪ್ ಬಳಸುವ ಅಂಗೈಯಗಲದ ಕ್ಲಾಸ್-ಡಿ (ವಿದ್ಯುತ್ತನ್ನು ಅತಿವೇಗವಾಗಿ ಆನ್-ಆಫ್ ಮಾಡುತ್ತ ಸದ್ದು ಹೆಚ್ಚಿಸುವ ಬಗೆಯ) ಆಂಪ್ಲಿಫೈಯರ್‌ಗಳು ಇನ್ನೂ ಅಗ್ಗ, ಹಣಕ್ಕೆ ಮೋಸವೂ ಇಲ್ಲ. ಆದರೆ ಅವುಗಳ ಜಾಹೀರಾತಿನಲ್ಲಿ ಮಿಂಚುವ 300 ವ್ಯಾಟ್ ಅನ್ನು ನಂಬಬಾರದು: ಆ ಚಿಪ್ 315 ವ್ಯಾಟ್ ಕೊಡುವುದು 4 ಓಮ್‌ನಲ್ಲಿ, ಅದೂ ಶೇಕಡಾ 10ರಷ್ಟು ಧ್ವನಿ ವಿಕೃತಿಯೊಂದಿಗೆ, ಜೊತೆಗೆ ಪೆಟ್ಟಿಗೆಯಲ್ಲಿ ಬರುವ ಅಡಾಪ್ಟರಿಗೆ ಅಷ್ಟು ತಾಕತ್ತು ಇದ್ದರೆ.

ಎ-ಎಸ್501ರಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ತಿರುಗಿಸುವ ಲೌಡ್‌ನೆಸ್ ಗುಂಡಿ. ಸದ್ದು ತಗ್ಗಿದಂತೆ ಮನುಷ್ಯನ ಕಿವಿ ಮಂದ್ರವನ್ನೂ ಅತಿ ತಾರವನ್ನೂ ಮಧ್ಯದ ಸ್ವರಗಳಿಗಿಂತ ಬೇಗ ಕಳೆದುಕೊಳ್ಳುತ್ತದೆ. ಹೀಗಾಗಿ ಪಕ್ಕದ ಮನೆಯವರಿಗೆ ತೊಂದರೆಯಾಗದಂತೆ ರಾತ್ರಿ ಮೆಲ್ಲಗೆ ಹಾಕಿದಾಗ ಡಗ್ಗಾದ ಗುಂಗು ಮಾಯವಾಗಿ, ತಂಬೂರಿ ಬಡವಾಗುತ್ತದೆ. ಹಳೆಯ ಯಂತ್ರಗಳ ಲೌಡ್‌ನೆಸ್ ಬಟನ್ ಒತ್ತಿದರೆ ಬಾಸ್ ಒಮ್ಮೆಲೇ ಉಬ್ಬುತ್ತಿತ್ತು. ಇಲ್ಲಿ ಹಾಗಲ್ಲ, ಮೊದಲು ವಾಲ್ಯೂಮನ್ನು ಜೋರಾಗಿ ಕೇಳುವ ಮಟ್ಟಕ್ಕೆ ಇಟ್ಟು, ನಂತರ ಈ ಗುಂಡಿಯನ್ನು ತಿರುಗಿಸುತ್ತ ಹೋದರೆ ಮಧ್ಯದ ಸ್ವರಗಳು ಹಂತಹಂತವಾಗಿ ತಗ್ಗಿ, ಒಟ್ಟು ಸದ್ದು ಇಳಿದರೂ ಹದ ಕೆಡುವುದಿಲ್ಲ. ಟೋನ್ ನಿಯಂತ್ರಣಗಳನ್ನೆಲ್ಲ ಬದಿಗಿಡುವ ಪ್ಯೂರ್ ಡೈರೆಕ್ಟ್ ಬಟನ್ ಒತ್ತಿದರೆ ಇದು ಕೆಲಸ ಮಾಡದು. ಶುದ್ಧತಾವಾದಿಗಳು ಮೂಗು ಮುರಿಯಬಹುದು; ನಾನಂತೂ ರಾತ್ರಿಯ ಬಾಗೇಶ್ರೀ ರಾಗವನ್ನು ಈ ಗುಂಡಿಯಿಂದಲೇ ಕೇಳುತ್ತೇನೆ.

ಕೊರತೆಗಳೂ ಇವೆ. ಬ್ಲೂಟೂತ್ ಒಳಗೇ ಬರುವುದಿಲ್ಲ, ಕಂಪ್ಯೂಟರಿಗೆ ಯುಎಸ್‌ಬಿ ಇಲ್ಲ. ಆಪ್ಟಿಕಲ್ ಮತ್ತು ಕೊಆಕ್ಸಿಯಲ್ ಎಂಬ ಡಿಜಿಟಲ್ ಕಿಂಡಿಗಳು ಇರುವುದರಿಂದ ಟಿವಿ ಜೋಡಿಸಬಹುದು, ಆದರೆ ಟಿವಿಯ ಸದ್ದಿನ ಸೆಟ್ಟಿಂಗನ್ನು ಪಿಸಿಎಂಗೆ (ಸಂಕುಚಿಸದ ಡಿಜಿಟಲ್ ಸದ್ದಿಗೆ) ಬದಲಿಸದಿದ್ದರೆ ಏನೂ ಕೇಳಿಸದೆ ಹೋಗಬಹುದು. ರೆಕಾರ್ಡ್ ಪ್ಲೇಯರ್ ಇದ್ದವರಿಗೆ ಅದನ್ನು ಜೋಡಿಸುವ ಫೋನೊ ಕಿಂಡಿ ಇದೆ. ಅದು ಮೂವಿಂಗ್ ಮ್ಯಾಗ್ನೆಟ್ ಬಗೆಯ ಕಾರ್ಟ್ರಿಜ್‌ಗಷ್ಟೇ (ರೆಕಾರ್ಡ್ ಓದುವ ಮುಳ್ಳಿನ ಭಾಗ).

ಹಣ ಉಳಿಸಬಹುದಾದ ಕಡೆ ಉಳಿಸಿದ್ದೇನೆ. ಸಾವಿರಾರು ರೂಪಾಯಿಯ ಕೇಬಲ್ ಬದಲು ವಿದ್ಯುತ್ ಸಾಮಾನಿನ ಅಂಗಡಿಯಲ್ಲಿ ಸಿಗುವ 2.5 ಚದರ ಮಿಲಿಮೀಟರಿನ ತಾಮ್ರದ ತಂತಿ ಎಳೆದಿದ್ದೇನೆ. ಮೂರು ಮೀಟರಿನ ಓಟಕ್ಕೆ ಅದರ ಪ್ರತಿರೋಧ ಲೆಕ್ಕಕ್ಕೇ ಬಾರದಷ್ಟು. ಉಳಿದ ಹಣದಲ್ಲಿ ನವಲಗುಂದದ ದಪ್ಪ ಜಮಖಾನ ಕೊಂಡು ಬರಿ ಶಹಾಬಾದ್ ಕಲ್ಲಿನ ನೆಲಕ್ಕೆ ಹಾಸಿದ ಮೇಲೆ, ತಬಲಾದ ಪೆಟ್ಟಿನ ಹಿಂದೆ ಕೇಳಿಸುತ್ತಿದ್ದ ಕಲಕಲ ತಗ್ಗಿತು. ನೆಲದ ಮೇಲೆ ನಿಲ್ಲುವ, 90 ಡೆಸಿಬಲ್‌ಗಿಂತ ಹೆಚ್ಚು ಸಂವೇದನೆಯ ಸ್ಪೀಕರ್ ಇರುವವರಿಗೆ ಇಷ್ಟು ದೊಡ್ಡ ಆಂಪ್ಲಿಫೈಯರ್ ಬೇಕಿಲ್ಲ, ಅವರು ಮರಾಂಟ್ಜ್ ಕಡೆಗೇ ಹೋಗಲಿ.