ಹ್ಯಾಶ್‌ಟ್ಯಾಗ್ ಬೋರ್ಡ್ ಮಾಡಿಸುವ ಮೊದಲು ಬೀಗರಿಗೆ ಒಮ್ಮೆ ತೋರಿಸಿ

ಮದುವೆಯ ಫೋಟೊಗಳೆಲ್ಲ ಇನ್‌ಸ್ಟಾಗ್ರಾಂನಲ್ಲಿ ಒಂದೇ ಕಡೆ ಸಿಗಲೆಂದು ಅತಿಥಿಗಳಿಗೆ ಹಾಕಲು ಹೇಳುವ # ಚಿಹ್ನೆಯ ಪದವೇ ಹ್ಯಾಶ್‌ಟ್ಯಾಗ್. ಮುಂಬೈ ಪಕ್ಕದ ಠಾಣೆ ಊರಿನಲ್ಲಿ ನಡೆದ ಆರತಕ್ಷತೆಯೊಂದರ ಕತೆ ಇದು. ಹುಡುಗಿ ಕನ್ನಡದವಳು, ಹುಡುಗ ಮರಾಠಿ. ಹೆಸರು ಬದಲಿಸಿ ಹೇಳುವುದಾದರೆ ಹುಡುಗಿ ಸ್ವಾತಿ. ಇವೆಂಟ್‌ನವರು ಬೇರೆಯಾಗಿ ದುಡ್ಡು ತಗೊಂಡು ಮಾಡಿಕೊಟ್ಟ ಹ್ಯಾಶ್‌ಟ್ಯಾಗ್ ‘ಸ್ವಾತಿಯಗಂಡ’, ಇಂಗ್ಲಿಷ್ ಅಕ್ಷರಗಳಲ್ಲಿ. ಸ್ಟೇಜಿನ ಫ್ಲೆಕ್ಸ್, ಸೆಲ್ಫಿ ಬೂತಿನ ಅಕ್ರಿಲಿಕ್ ಬೋರ್ಡ್, ಊಟದ ಟೇಬಲ್ಲಿನ ಕಾರ್ಡ್, ಎಲ್ಲದರ ಮೇಲೂ ಅದೇ. ಕನ್ನಡ ಬಾರದ ಆಫೀಸಿನ ಹುಡುಗರು ಕೊನೆಯ ಐದಕ್ಷರವನ್ನು ಹಿಂದಿಯಲ್ಲಿ ‘ಗಂದಾ’ ಎಂದು ಓದಿದರು, ಅಂದರೆ ಹೊಲಸು. ಮದುಮಗ ಅದೇ ಬೋರ್ಡಿನ ಕೆಳಗೆ ನಿಂತು ಸಂಜೆಯಿಡೀ ಫೋಟೊ ತೆಗೆಸಿಕೊಂಡ. ಬೋರ್ಡ್ ಬಂದದ್ದೇ ಅವತ್ತು ಮಧ್ಯಾಹ್ನ. ಬದಲಿಸಲು ಹೊತ್ತೆಲ್ಲಿತ್ತು?

ಅಷ್ಟಕ್ಕೇ ಮುಗಿಯಲಿಲ್ಲ. ಫೋಟೊಗಳೂ ಎರಡು ಪಾಲಾದವು. ನಾವು ‘ತ’ಕ್ಕೆ ಟಿ-ಎಚ್ ಬರೆಯುತ್ತೇವೆ, ಬರೀ ಟಿ ನಮಗೆ ‘ಟ’. ಮರಾಠಿಯವರಿಗೆ ಬರೀ ಟಿ ಸಾಕು, ಟಿ-ಎಚ್ ಅವರಿಗೆ ‘ಥ’. ಬೋರ್ಡ್ ನೋಡದೆ ಬಾಯಲ್ಲಿ ಕೇಳಿ ಟೈಪ್ ಮಾಡಿದವರು ತಮ್ಮ ತಮ್ಮ ರೂಢಿಯಂತೆ ಹಾಕಿದರು. ಒಂದು ಎಚ್ ಹೆಚ್ಚುಕಮ್ಮಿಯಾದರೂ ಇನ್‌ಸ್ಟಾಗ್ರಾಂಗೆ ಅದು ಬೇರೆಯೇ ಟ್ಯಾಗ್. ಲತಾ, ಗೀತಾ, ಶ್ವೇತಾ, ಕಾರ್ತಿಕ್ ಹೆಸರಿನವರ ಮನೆಯಲ್ಲೂ ಇದೇ ಗೋಳು. ದೀಪಾ, ದೀಪಕ್‌ಗೆ ಇ ಎರಡೋ ಅಥವಾ ಒಂದು ಐ ಮಾತ್ರವೋ ಎಂಬುದು ಇನ್ನೊಂದು ತಕರಾರು. ಮುಂಬೈ, ಪುಣೆಯಲ್ಲಿ ಬೀಗರು ಮರಾಠಿ ಅಥವಾ ಗುಜರಾತಿಯವರಾದರೆ ಈ ಅಕ್ಷರಗಳಿಲ್ಲದ ಅಡ್ಡಹೆಸರು, ಮನೆಯಲ್ಲಿ ಕರೆಯುವ ಹೆಸರು ಹುಡುಕುವುದು ವಾಸಿ.

ಪದ ಬೇಕೇಬೇಕೆಂದರೆ ‘ಜೋಡಿ’, ‘ಲಗ್ನ’, ‘ಶುಭ’ ಬಳಸಿ. ಎರಡೂ ಕಡೆಯವರಿಗೆ ಅರ್ಥವಾಗುತ್ತದೆ. ಬರೀ ಮನೆತನದ ಹೆಸರು ನೆಚ್ಚಿಕೊಳ್ಳಬೇಡಿ. ‘ಶೆಟ್ಟಿ ವೆಡ್ಡಿಂಗ್’ ಎಂದಿಟ್ಟರೆ ಕುರ್ಲಾದಿಂದ ಮಂಗಳೂರಿನ ತನಕದ ಶೆಟ್ಟರ ಮದುವೆಯೆಲ್ಲ ನಿಮ್ಮದರಲ್ಲಿ ಬೆರೆಯುತ್ತದೆ. ಕುಲಕರ್ಣಿ, ಜೋಶಿ, ದೇಶಪಾಂಡೆಯವರ ಪಾಡು ಇನ್ನೂ ಕಷ್ಟ, ಎರಡು ರಾಜ್ಯದ ತುಂಬ ಅವರೇ.

ಆರಿಸಿದ ಟ್ಯಾಗನ್ನು ಮೊದಲು ಪೂರ್ತಿ ಸಣ್ಣಕ್ಷರಗಳಲ್ಲಿ ಬರೆಯಿರಿ. ಪ್ರತಿ ಪದದ ಮೊದಲಕ್ಷರ ದೊಡ್ಡದಾಗಿದ್ದರೆ ಬೋರ್ಡಿನಲ್ಲಿ ಓದಲು ಸಲೀಸು, ಆದರೆ ಅತಿಥಿಗಳು ಹಾಗೇ ಟೈಪ್ ಮಾಡುವುದಿಲ್ಲ, ಹುಡುಕುವಾಗ ಎರಡೂ ಒಂದೇ. 2013ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಮಾಜಿ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ತೀರಿಕೊಂಡಾಗ ಟ್ವಿಟರ್‌ನಲ್ಲಿ ಓಡಿದ ‘ನೌ ಥ್ಯಾಚರ್ಸ್ ಡೆಡ್’ (nowthatchersdead) ಟ್ಯಾಗನ್ನು ಎಷ್ಟೋ ಜನ ‘ನೌ ದಟ್ ಶೆರ್ಸ್ ಡೆಡ್’ ಎಂದು ಓದಿ, ಗಾಯಕಿ ಶೆರ್ ಸತ್ತರೆಂದು ಗಾಬರಿಬಿದ್ದಿದ್ದರು. ಪದ ಎಲ್ಲಿ ಒಡೆಯುತ್ತದೆ ಎಂಬುದು ಬರೆದವರ ಕೈಯಲ್ಲಿರುವುದಿಲ್ಲ. ಆದ್ದರಿಂದ ಮದುವೆಗೆ ಸಂಬಂಧವೇ ಇಲ್ಲದ ಒಬ್ಬ ಹಿಂದಿಯವರ, ಒಬ್ಬ ಮರಾಠಿಯವರ ಕೈಗೆ ಚೀಟಿ ಕೊಟ್ಟು ಗಟ್ಟಿಯಾಗಿ ಓದಿಸಿ. ಆಮೇಲೆ ಊರಲ್ಲಿರುವ ಚಿಕ್ಕಪ್ಪನಿಗೆ ಫೋನಲ್ಲಿ ಒಂದೇ ಸಲ ಹೇಳಿ, ಟೈಪ್ ಮಾಡಿ ವಾಟ್ಸಾಪ್ ಕಳಿಸಲು ಹೇಳಿ. ತಪ್ಪು ಬಂದರೆ ಟ್ಯಾಗ್ ಬಿಟ್ಟುಬಿಡಿ, ಚಿಕ್ಕಪ್ಪನನ್ನು ತಿದ್ದಲು ಹೋಗಬೇಡಿ.

ಇಬ್ಬರ ಹೆಸರಿನ ನಡುವೆ ‘ಅಂಡ್’ ಚಿಹ್ನೆ, ಚುಕ್ಕೆ, ಹೈಫನ್, ಜಾಗ ಏನು ಬಂದರೂ ಟ್ಯಾಗ್ ಅಲ್ಲಿಗೇ ತುಂಡಾಗುತ್ತದೆ. ಅಂಡರ್‌ಸ್ಕೋರ್ ನಡೆಯುತ್ತದೆ, ಆದರೆ ಅದನ್ನು ಯಾರೂ ನೆನಪಿಟ್ಟು ಒತ್ತುವುದಿಲ್ಲ. ಕೊನೆಗೆ ಇಸವಿಯ ಎರಡಂಕಿ ಸೇರಿಸಬಹುದು. ಕನ್ನಡ ಲಿಪಿಯಲ್ಲೇ ಇಡುವವರು ಅರ್ಧಾಕ್ಷರ ಬಿಡಿಸಿ ತೋರಿಸುವ ಪದ ತಪ್ಪಿಸಿ. ‘ಹ್ಯಾಶ್‌ಟ್ಯಾಗ್’ ಪದದಲ್ಲಿ ‘ಶ್’ ಆದ ಮೇಲೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂತಿರುತ್ತದೆ. ಒಬ್ಬರ ಕೀಬೋರ್ಡ್ ಅದನ್ನು ಹಾಕುತ್ತದೆ, ಇನ್ನೊಬ್ಬರದು ಹಾಕುವುದಿಲ್ಲ.

ಎಷ್ಟು ಒಳ್ಳೆಯ ಟ್ಯಾಗ್ ಇದ್ದರೂ ಎಲ್ಲ ಫೋಟೊ ಸಿಗುತ್ತದೆಂದು ಇವೆಂಟ್‌ನವರು ಹೇಳಿದರೆ ನಂಬಬೇಡಿ. ಖಾತೆ ಪ್ರೈವೇಟ್ ಇರುವವರ ಫೋಟೊ ಟ್ಯಾಗ್ ಹುಡುಕಿದರೆ ಕಾಣುವುದಿಲ್ಲ, ಸ್ಟೋರಿ 24 ಗಂಟೆಗೆ ಮಾಯ. ಸ್ಟೋರಿಯಲ್ಲಿ ‘ಅಟ್’ ಚಿಹ್ನೆ ಹಾಕಿ ಮದುಮಕ್ಕಳ ಖಾತೆಯನ್ನೇ ನಮೂದಿಸಿದರೆ ಮಾತ್ರ ಅವರಿಗೆ ಸುದ್ದಿ ಮುಟ್ಟುತ್ತದೆ, ಮರುಹಂಚಿಕೆಯೂ ಸಾಧ್ಯ. ಬೋರ್ಡಿನ ಮೇಲೆ ಖಾತೆಯ ಹೆಸರನ್ನೂ ಬರೆಸಿ. ಜೊತೆಗೆ ಗೂಗಲ್ ಫೋಟೋಸ್‌ನ ಹಂಚಿಕೆ ಆಲ್ಬಮ್ ತೆರೆದು ಅದರ ಕ್ಯೂಆರ್ ಕೋಡನ್ನು ಊಟದ ಟೇಬಲ್ಲಿನ ಕಾರ್ಡಿಗೆ ಹಾಕಿ. ವಾಟ್ಸಾಪ್‌ನಲ್ಲಿ ಸಾಮಾನ್ಯವಾಗಿ ಕಳಿಸಿದ ಫೋಟೊ ಕುಗ್ಗಿಬರುತ್ತದೆ, ಆಲ್ಬಮಿಗೆ ದೊಡ್ಡದಾಗಿಯೇ ಹಾಕಬಹುದು. ಲಿಂಕ್ ಸಿಕ್ಕ ಯಾರು ಬೇಕಾದರೂ ನೋಡಬಹುದಾದ್ದರಿಂದ ವಾರದ ನಂತರ ಲಿಂಕ್ ಮುಚ್ಚಿ.

ಇನ್ನು ಲಗ್ನಪತ್ರಿಕೆಯ ಫೋಟೊಗೆ ಟ್ಯಾಗ್ ಹಾಕಿ ಮೊದಲೇ ಪೋಸ್ಟ್ ಮಾಡುವ ಚಟ. ಮನೆ ವಿಳಾಸ, ಮುಹೂರ್ತ, ಹಾಲ್ ಎಲ್ಲ ಅದರಲ್ಲೇ ಇರುತ್ತದೆ. ಯಾವ ದಿನ ಎಷ್ಟು ಗಂಟೆಗೆ ಮನೆಗೆ ಬೀಗ ಬಿದ್ದಿರುತ್ತದೆಂದು ಊರಿಗೆಲ್ಲ ಹೇಳಿದಂತೆ. ಪೋಸ್ಟ್ ಮಾಡಲೇಬೇಕಿದ್ದರೆ ವಿಳಾಸ, ಫೋನ್ ನಂಬರ್ ಇರುವ ಭಾಗ ಕತ್ತರಿಸಿ ಹಾಕಿ.