ಮುಧೋಳವೋ ರಾಜಪಾಳಯವೋ: ಅಡಿಕೆ ತೋಟದ ಮನೆಗೆ ಯಾವ ನಾಯಿ?

ಎರಡೂ ಒಣ ಸೀಮೆಯ ನಾಯಿಗಳು. ಒಂದು ಬಾಗಲಕೋಟೆಯ ಬಯಲಿನದು, ಇನ್ನೊಂದು ತಮಿಳುನಾಡಿನ ವಿರುದುನಗರ ಜಿಲ್ಲೆಯದು. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಸುರಿಯುವ ಕಾಸರಗೋಡಿಗೆ ತರುವ ಮೊದಲು ಇದನ್ನು ಯೋಚಿಸಬೇಕು. 2005ರಲ್ಲಿ ಎರಡರ ಹೆಸರಲ್ಲೂ ಅಂಚೆಚೀಟಿ ಬಂದದ್ದು ಹೆಮ್ಮೆಯೇ, ಆದರೆ ಅಂಗಳದಲ್ಲಿ ಅದರಿಂದ ಏನೂ ಆಗುವುದಕ್ಕಿಲ್ಲ.

ಮುಧೋಳ ಕಣ್ಣಿನಿಂದ ಬೇಟೆಯಾಡುವ ನಾಯಿ, ಅಂದರೆ ಸೈಟ್‌ಹೌಂಡ್. ಏನಾದರೂ ಓಡುವುದು ಕಂಡಿತೋ, ಆಮೇಲೆ ಕರೆದರೆ ಕಿವಿಗೆ ಬೀಳುವುದಿಲ್ಲ. ನವಿಲು, ಮುಂಗುಸಿ, ಆಚೆಮನೆಯ ಕೋಳಿ ಎಲ್ಲವೂ ಅದಕ್ಕೆ ಮೊಲವೇ. ಹಾಗೆಂದು ತೋಟದೊಳಗೆ ಬಿಟ್ಟು ಓಡಿಸಬೇಡಿ. ನೀರು ಹರಿಯುವ ಕಣಿ ಹಾರುವಾಗ ಕಾಲು ಮುರಿದೀತು. ಕಡಿದ ಅಡಿಕೆ ಮರದ ಕುತ್ತಿ ತಾಗಿದರೆ ಆ ತೆಳು ಚರ್ಮ ಹರಿದು ಹೊಲಿಗೆ ಹಾಕಿಸಬೇಕಾಗುತ್ತದೆ. ಹತ್ತಿರ ಪದವು (ಮುರಕಲ್ಲಿನ ಬಯಲು) ಇದ್ದವರಿಗೆ ಅನುಕೂಲ: ಬೆಳಗ್ಗೆ ಬೇಗ, 10 ಮೀಟರ್ ಹಗ್ಗದಲ್ಲಿ, ಅರ್ಧ ಗಂಟೆ ಓಡಾಡಿಸಿ. ಬಿಸಿಲೇರಿದರೆ ಮುರಕಲ್ಲು ಪಾದ ಸುಡುತ್ತದೆ. ಓಟಕ್ಕೂ ಊಟಕ್ಕೂ ನಡುವೆ ಒಂದು ಗಂಟೆ ಬಿಡುವಿರಲಿ. ಎದೆ ಆಳವಿರುವ ನಾಯಿಗಳಿಗೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಭಯ ಜಾಸ್ತಿ.

ಮಾಮೂಲಿ ಬೆಲ್ಟ್ ಇದಕ್ಕೆ ಆಗುವುದಿಲ್ಲ. ತಲೆ ಸಪೂರ, ಹಿಂದಕ್ಕೆ ಜಗ್ಗಿದರೆ ಬೆಲ್ಟ್ ಕಿವಿ ದಾಟಿ ಕೈಯಲ್ಲೇ ಉಳಿಯುತ್ತದೆ. ಎರಡು ಇಂಚು ಅಗಲದ, ಎಳೆದಾಗ ಬಿಗಿಯಾಗುವ ಮಾರ್ಟಿಂಗೇಲ್ ಬೆಲ್ಟ್ ತನ್ನಿ. ಹಿಂದಿನ ಎರಡು-ಮೂರು ಪಕ್ಕೆಲುಬು ಕಾಣುವುದು ಸಹಜ. ‘ನಾಯಿಗೆ ಅನ್ನ ಹಾಕುವುದಿಲ್ಲವಾ’ ಎಂದು ನೆಂಟರು ಕೇಳಿದರೆ ಕೇಳಲಿ, ಕುಚ್ಚಲಕ್ಕಿ ಅನ್ನ ಸುರಿದು ದಪ್ಪ ಮಾಡಬೇಡಿ. ಆಪರೇಷನ್ ಇದ್ದರೆ ಇದು ಸೈಟ್‌ಹೌಂಡ್ ಎಂದು ಡಾಕ್ಟರಿಗೆ ಮೊದಲೇ ಹೇಳಿ. ಥಯೋಪೆಂಟೋನ್‌ನಂಥ ಅರಿವಳಿಕೆಯಿಂದ ಈ ಜಾತಿಯವು ಎಚ್ಚರಗೊಳ್ಳುವುದು ನಿಧಾನ.

ಕಾವಲಿಗೆ ರಾಜಪಾಳಯವೇ ಮೇಲು. ತೊಂದರೆಯೂ ಅಲ್ಲೇ. ಒಬ್ಬ ಯಜಮಾನನಿಗೆ ಅಂಟಿಕೊಳ್ಳುತ್ತದೆ, ಉಳಿದವರನ್ನು ಲೆಕ್ಕಕ್ಕಿಡುವುದಿಲ್ಲ. ಅಡಿಕೆ ಕೊನೆ ತೆಗೆಯುವವರು, ಮದ್ದು ಬಿಡುವವರು, ಸುಲಿಯುವವರು ಎಂದು ದಿನಾ ಜನ ಬಂದುಹೋಗುವ ಮನೆಯಲ್ಲಿ ಗಟ್ಟಿ ಚಿಲಕದ ಗೂಡಿಲ್ಲದೆ ಇದನ್ನು ಸಾಕಬಾರದು.

ರಾಜಪಾಳಯದ ಮರಿ ಆರಿಸುವಾಗ ಕಿವಿ ನೋಡಲೇಬೇಕು. ಹಾಲುಬಿಳಿ ಬಣ್ಣದ ಜೊತೆಗೇ ಕಿವುಡು ಬರುವುದುಂಟು. ಮರಿ ನಿದ್ದೆಯಲ್ಲಿರುವಾಗ ಹಿಂದೆ ನಿಂತು, ಸ್ಟೀಲ್ ಬಟ್ಟಲನ್ನು ಕೈಯಲ್ಲೇ ಹಿಡಿದು ಚಮಚದಿಂದ ಒಮ್ಮೆ ತಟ್ಟಿ. ನೆಲಕ್ಕೆ ಕುಟ್ಟಿದರೆ ಅದುರುವುದಕ್ಕೇ ಕಿವುಡು ಮರಿಯೂ ಏಳುತ್ತದೆ. ಗುಂಪಿನಲ್ಲಿ ಮಾಡಿದರೂ ಮೋಸ: ಒಂದು ಎದ್ದರೆ ಮೈತಾಗಿ ಇನ್ನೊಂದೂ ಏಳುತ್ತದೆ. ಒಂದೇ ಕಿವಿ ಕೇಳಿಸದಿದ್ದರೆ ಇದರಲ್ಲಿ ಗೊತ್ತಾಗದು. ಮೂಗು ಗುಲಾಬಿ, ಕಣ್ಣು ಹೊಂಬಣ್ಣ ಇರಬೇಕಾದ್ದೇ. ನೀಲಿ ಕಣ್ಣಿನ ಮರಿ ಬೇಡ.

ಮಳೆಗಾಲ ಎರಡಕ್ಕೂ ಕಷ್ಟ. ಅಡಿಕೆ ಮರ ಸೀಳಿ, ನೆಲದಿಂದ ಒಂದಡಿ ಮೇಲೆ ಮಲಗುವ ಜಾಗ ಮಾಡಿ. ಒದ್ದೆಯಾಗಿ ಬಂದಾಗ ಬೆರಳ ಸಂದು ಒರೆಸದಿದ್ದರೆ ಅಲ್ಲೇ ಫಂಗಸ್ ಶುರುವಾಗುತ್ತದೆ. ಇಲಿಜ್ವರ ಸೇರಿರುವ ಲಸಿಕೆಯನ್ನೇ ಕೇಳಿ, ವರ್ಷಕ್ಕೊಮ್ಮೆ ತಪ್ಪಿಸಬೇಡಿ. ಅಡಿಕೆಗೆ ಬಿಡುವ ಬೋರ್ಡೋ ಮದ್ದಿನ ಡ್ರಮ್ಮಿನ ತಳದಲ್ಲಿ ಉಳಿದ ನೀಲಿ ನೀರು ನೆಕ್ಕದಂತೆ ಅದನ್ನು ಬೋರಲು ಹಾಕಿ. ಅದರಲ್ಲಿರುವ ಮೈಲುತುತ್ತು ಹೊಟ್ಟೆಗೆ ಹೋದರೆ ವಾಂತಿಯಷ್ಟಕ್ಕೇ ನಿಲ್ಲುವುದಿಲ್ಲ.

ಹಂದಿ ಓಡಿಸಲಿಕ್ಕೆ ಎಂದು ಎರಡನ್ನೂ ತರಬೇಡಿ. ಒಂಟಿ ನಾಯಿಯ ಹೊಟ್ಟೆಯನ್ನು ಕೋರೆ ಒಂದೇಟಿಗೆ ಸೀಳುತ್ತದೆ. ನಾಯಿ ಬಿಟ್ಟು ಬೇಟೆಯಾಡುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ ಕೂಡ. ಮುಳಿಯಾರು, ದೇಲಂಪಾಡಿ ಕಡೆ ಚಿರತೆಯ ಓಡಾಟವೂ ಇದೆ, ರಾತ್ರಿ ಅಂಗಳದಲ್ಲಿ ಕಟ್ಟಿಹಾಕಿದ ನಾಯಿ ಅದಕ್ಕೆ ಸುಲಭದ ತುತ್ತು.

ಆರಡಿ ಗೋಡೆ, ದಿನಾ ಓಡಿಸುವ ಪುರುಸೊತ್ತು ಇದ್ದರೆ ಮುಧೋಳ. ಬಂದುಹೋಗುವವರು ಕಡಿಮೆ, ನೋಡಿಕೊಳ್ಳುವವರು ಒಬ್ಬರೇ ಎಂದಾದರೆ ರಾಜಪಾಳಯ. ಎರಡು ತಿಂಗಳ ಮರಿಯನ್ನು ನವೆಂಬರಿನಲ್ಲಿ ತನ್ನಿ, ಮಳೆ ಹಿಡಿಯುವಾಗ ಒಂಬತ್ತು ತಿಂಗಳಾಗಿರುತ್ತದೆ. ಜೂನಿನಲ್ಲಿ ತಂದರೆ ಹೊರಗೆ ಬಿಡಲಾಗದೆ ಜಗಲಿಯಲ್ಲೇ ಉಚ್ಚೆ ಹೊಯ್ಯುವುದು ಕಲಿಯುತ್ತದೆ.